ಹಿಟ್ಟಿನ ಕೋಳಿ, ಹಿಟ್ಟಿನ ದೇವರು

ವಿಜಯದಶಮಿಯ ದಿನ ಮೈಸೂರು ಅರಮನೆಯ ಆವರಣದಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನಚಾದ ಆಯುಧವನ್ನು ತೊಟ್ಟ ಜೋಡಿಗಳು ಮಣ್ಣಿನ ಕಣಕ್ಕೆ ಇಳಿಯುತ್ತವೆ. ಒಬ್ಬನ ತಲೆಯಿಂದ ರಕ್ತ ತೊಟ್ಟಿಕ್ಕಿದ ಕ್ಷಣವೇ ಕಾಳಗ ಮುಗಿದಂತೆ. ಸೋಲು ಗೆಲುವಿನ ತೀರ್ಮಾನ ಅಲ್ಲಿ ಮುಖ್ಯವಲ್ಲ. ಆ ಹನಿ ಬಿದ್ದ ಮೇಲೆ ರಾಜವಂಶದವರು ಬನ್ನಿಪೂಜೆಗೆ ಹೊರಡುತ್ತಾರೆ. ಕೆಲವೇ ನಿಮಿಷಗಳ, ಒಮ್ಮೊಮ್ಮೆ ಕೆಲವೇ ಕ್ಷಣಗಳ ಈ ಕಾಳಗದಲ್ಲಿ ದೇವತೆ, ಅರಸ, ರಕ್ತ ಈ ಮೂರರ ಹಳೆಯ ಸಂಬಂಧವು ಇಂದಿಗೂ ಕಣ್ಣಿಗೆ ಕಾಣುವಂತಿದೆ.

ಈ ಸಂಬಂಧವು ಅತ್ಯಂತ ಉಗ್ರವಾಗಿ ಬೆಳೆದುದು ಭೂಮಂಡಲದ ಮತ್ತೊಂದು ಬದಿಯಲ್ಲಿ. ಇಂದಿನ ಮೆಕ್ಸಿಕೋ ನಗರವಿರುವ ಸ್ಥಳದಲ್ಲಿ 1325ರ ಸುಮಾರಿಗೆ ತೆನೊಚ್ತಿತ್ಲಾನ್ ಎಂಬ ಪಟ್ಟಣವನ್ನು ಕಟ್ಟಿದ ಅಜ್ಟೆಕ್ ಜನರು, ದೇವತೆಗಳೇ ಮೊದಲು ಬಲಿಯಾದರೆಂದು ನಂಬಿದ್ದರು. ನನಾವತ್ಸಿನ್ ಎಂಬ ರೋಗಿಷ್ಠ ದೇವತೆ ಬೆಂಕಿಗೆ ಹಾರಿ ಸೂರ್ಯನಾದನು; ಉಳಿದ ದೇವತೆಗಳು ತಮ್ಮ ಪ್ರಾಣವಿತ್ತು ಆ ಸೂರ್ಯನನ್ನು ಚಲಿಸುವಂತೆ ಮಾಡಿದರು. ಆದುದರಿಂದ ಮನುಷ್ಯನು ಹುಟ್ಟಿನಿಂದಲೇ ಸಾಲಗಾರ. ಬಲಿಗೆ ಅವರ ಭಾಷೆಯಲ್ಲಿದ್ದ ಒಂದು ಹೆಸರಿನ ಅರ್ಥವೇ ಸಾಲ ತೀರಿಸುವುದು. ಪುರೋಹಿತರೂ ಅರಸರೂ ಮುಳ್ಳಿನಿಂದ ತಮ್ಮ ಕಿವಿಯನ್ನು ಚುಚ್ಚಿ ರಕ್ತವನ್ನು ಅರ್ಪಿಸುತ್ತಿದ್ದರು. ಯುದ್ಧದ ಸೆರೆಯಾಳುಗಳ ಎದೆ ಸೀಳುವುದು ಅದೇ ಸಾಲದ ದೊಡ್ಡ ಕಂತು.

ಈ ನಂಬಿಕೆ ಗುಡಿಯೊಳಗೆ ಮಾತ್ರ ಇರಲಿಲ್ಲ. ಯೋಧನ ಅಂತಸ್ತು ಅವನು ಹಿಡಿದು ತಂದ ಸೆರೆಯಾಳುಗಳ ಸಂಖ್ಯೆಯಿಂದ ನಿರ್ಧಾರವಾಗುತ್ತಿತ್ತು. ಹೊಸದಾಗಿ ಆಯ್ಕೆಯಾದ ದೊರೆ ಪಟ್ಟಾಭಿಷೇಕಕ್ಕೆ ಮುನ್ನ ದಂಡೆತ್ತಿ ಹೋಗಿ ಬಲಿಗೆ ಜನರನ್ನು ತರಬೇಕಾಗಿತ್ತು. ಮಹಾದೇವಾಲಯದ ತುದಿಯಲ್ಲಿ ಅಕ್ಕಪಕ್ಕದ ಎರಡು ಗುಡಿಗಳು: ಒಂದು ಯುದ್ಧದೇವತೆ ಹುಯಿತ್ಸಿಲೊಪೋಚ್ತ್ಲಿಯದು, ಇನ್ನೊಂದು ಮಳೆಯ ದೇವತೆ ತ್ಲಾಲೋಕನದು. ಗೆದ್ದ ನಾಡುಗಳ ಕಪ್ಪಕಾಣಿಕೆ ಒಂದು ಕಡೆ, ಹೊಲದ ಬೆಳೆ ಇನ್ನೊಂದು ಕಡೆ. ರಾಜ್ಯದ ಎರಡು ಜೀವನಾಧಾರಗಳೂ ಹೀಗೆ ಬಲಿಪೀಠದ ಮೇಲೆ ನಿಂತಿದ್ದವು.

1487ರಲ್ಲಿ ಆ ದೇವಾಲಯವನ್ನು ವಿಸ್ತರಿಸಿದಾಗ ಎಂಬತ್ತು ಸಾವಿರ ಜನರು ಬಲಿಯಾದರೆಂದು ಹಳೆಯ ಬರಹಗಳು ಹೇಳುತ್ತವೆ. ಇದನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಗೆದ್ದವರಿಗೆ ಸೋತವರ ಕ್ರೌರ್ಯವನ್ನು ಹಿಗ್ಗಿಸುವುದರಲ್ಲಿ ಲಾಭವಿತ್ತಷ್ಟೆ. ಆದರೆ ಎಲ್ಲವೂ ಕಟ್ಟುಕಥೆಯೆಂದು ತಳ್ಳುವಂತೆಯೂ ಇಲ್ಲ. 2015ರಿಂದ ನಡೆದ ಉತ್ಖನನದಲ್ಲಿ ಆ ದೇವಾಲಯದ ಸಮೀಪದ ತಲೆಬುರುಡೆಗಳ ಗೋಪುರದಲ್ಲಿ ಆರುನೂರಕ್ಕೂ ಹೆಚ್ಚು ಬುರುಡೆಗಳು ದೊರೆತಿವೆ. ಅವುಗಳಲ್ಲಿ ಹೆಂಗಸರವೂ ಮಕ್ಕಳವೂ ಇವೆ.

ಚಾಮುಂಡಿಬೆಟ್ಟದ ವಿಷಯದಲ್ಲೂ ಇಂಥ ಎಚ್ಚರ ಬೇಕು. ಹಿಂದೆ ಅಲ್ಲಿ ನರಬಲಿ ನಡೆಯುತ್ತಿತ್ತೆಂದೂ ಹೈದರಾಲಿಯ ಕಾಲದಲ್ಲಿ ಅದು ನಿಂತಿತೆಂದೂ ಬ್ರಿಟಿಷರ ಕಾಲದ ಗೆಜೆಟಿಯರ್‌ಗಳು ಬರೆದಿವೆ. ಬರೆದವರು ಪರಕೀಯರು, ಇಂಥ ಕಥೆಗಳಿಗೆ ಕಿವಿಗೊಡುವ ಆತುರ ಅವರಿಗಿತ್ತು ಎಂಬುದನ್ನು ಮರೆಯಲಾಗದು. ನಿಸ್ಸಂಶಯವಾದುದು ಇಷ್ಟು: 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ನವರಾತ್ರಿ ಉತ್ಸವದಿಂದ ಮುಂದೆ, ಮಹಿಷನನ್ನು ಕೊಂದ ದೇವಿಯ ವಿಜಯವೂ ಅರಸನ ವಿಜಯವೂ ಒಂದೇ ಆಚರಣೆಯೊಳಗೆ ಬೆರೆತವು. 1827ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬೆಟ್ಟದ ದೇವಾಲಯಕ್ಕೆ ಗೋಪುರ ಕಟ್ಟಿಸಿದರು. ದೇವಿಯಿಲ್ಲದೆ ಸಿಂಹಾಸನವಿಲ್ಲ ಎಂಬುದು ಮೈಸೂರಿನ ರಾಜನೀತಿ. ಆದರೆ ಪ್ರತಿದಿನ ರಕ್ತವೆರೆಯದಿದ್ದರೆ ಸೂರ್ಯ ನಿಲ್ಲುವನೆಂಬ ಭಯ ಇಲ್ಲಿ ಎಂದೂ ಬೆಳೆಯಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ.

ಜೈನ ಓದುಗರನ್ನು ಹೆಚ್ಚು ಕಾಡಬೇಕಾದುದು ಅಜ್ಟೆಕ್ಕರ ಇನ್ನೊಂದು ಆಚರಣೆ. ಹಬ್ಬವೊಂದರಲ್ಲಿ ಅವರು ದಂಟಿನ ಬೀಜದ ಹಿಟ್ಟಿನಿಂದ ಹುಯಿತ್ಸಿಲೊಪೋಚ್ತ್ಲಿಯ ಪ್ರತಿಮೆಯನ್ನು ಮಾಡುತ್ತಿದ್ದರು. ಉಪವಾಸದ ತಿನಿಸುಗಳಿಗೆ ಬಳಸುವ ರಾಜಗಿರಾ ಆ ಜಾತಿಯದೇ ಧಾನ್ಯ. ಅದರ ಮೂಲವೂ ಅಮೆರಿಕ ಖಂಡವೇ. ಪುರೋಹಿತನು ಆ ಪ್ರತಿಮೆಯ ಎದೆಗೆ ಭರ್ಜಿ ಎಸೆದು ಅದನ್ನು "ಕೊಲ್ಲುತ್ತಿದ್ದನು". ಹಿಟ್ಟಿನ ಹೃದಯವು ದೊರೆಗೆ, ಉಳಿದ ಚೂರುಗಳು ಜನರಿಗೆ. ಸಾಹಗುನ್ ಎಂಬ ಸ್ಪೇನಿನ ಪಾದ್ರಿ ಹದಿನಾರನೆಯ ಶತಮಾನದಲ್ಲಿ ಸ್ಥಳೀಯರಿಂದಲೇ ಕೇಳಿ ಇದನ್ನು ಬರೆದಿಟ್ಟಿದ್ದಾನೆ. ಇಲ್ಲಿ ಹರಿದ ರಕ್ತವಿಲ್ಲ. ಹಾಗಾದರೆ ಇದು ಹಿಂಸೆಯೋ ಅಲ್ಲವೋ?

ಈ ಪ್ರಶ್ನೆಗೆ ಹೊಯ್ಸಳರ ನಾಡಿನಲ್ಲಿ, ತೆನೊಚ್ತಿತ್ಲಾನ್ ಹುಟ್ಟುವುದಕ್ಕೆ ನೂರು ವರ್ಷಗಳಿಗೂ ಮೊದಲು, ಉತ್ತರ ಸಿದ್ಧವಾಗಿತ್ತು. ವೀರಬಲ್ಲಾಳನ ಆಸ್ಥಾನಕವಿ ಜನ್ನನು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯ ಆರಂಭದಲ್ಲಿ ಚಂಡಮಾರಿಯ ಗುಡಿಯಿದೆ, ಬಲಿಗೆ ಹಿಡಿದು ತಂದ ಅಭಯರುಚಿ ಅಭಯಮತಿಯರಿದ್ದಾರೆ, ಕತ್ತಿ ಹಿಡಿದ ಮಾರಿದತ್ತನಿದ್ದಾನೆ. ಕಥೆಯ ತಿರುಳಿರುವುದು ಅವರು ಹೇಳುವ ಹಿಂದಿನ ಜನ್ಮದಲ್ಲಿ. ದುಃಸ್ವಪ್ನದ ಶಾಂತಿಗೆಂದು ಪ್ರಾಣಿಬಲಿ ಕೊಡಲು ತಾಯಿ ಚಂದ್ರಮತಿ ಒತ್ತಾಯಿಸುತ್ತಾಳೆ. ಯಶೋಧರನು ಕೊಲ್ಲಲೊಲ್ಲ, ತಾಯಿಯ ಮಾತನ್ನು ಮೀರಲೊಲ್ಲ. ಕಡೆಗೆ ಹಿಟ್ಟಿನ ಕೋಳಿಯೊಂದನ್ನು ಕಡಿಯಲು ಒಪ್ಪುತ್ತಾನೆ. ಕಡಿದಾಗ ಆ ಕೋಳಿ ಕೂಗುತ್ತದೆ. ಮುಂದೆ ಅವನು ನವಿಲಾಗಿ, ತಾಯಿ ನಾಯಿಯಾಗಿ, ಜನ್ಮಜನ್ಮಗಳಲ್ಲಿ ಬೇಟೆಗೂ ಕತ್ತಿಗೂ ಸಿಕ್ಕಿ ಸಾಯುತ್ತಾರೆ. ಇದನ್ನು ಕೇಳಿದ ಮಾರಿದತ್ತನು ಬಲಿಯನ್ನು ತೊರೆದು ದೀಕ್ಷೆ ಪಡೆಯುತ್ತಾನೆ.

ಹಿಟ್ಟಿಗೆ ಇಷ್ಟು ದೊಡ್ಡ ಶಿಕ್ಷೆಯೆ ಎಂದು ಓದುಗನಿಗೆ ಅನಿಸುವುದು ಸಹಜ. ದ್ರವ್ಯಹಿಂಸೆ, ಭಾವಹಿಂಸೆಗಳ ವಿವೇಚನೆಯಲ್ಲಿ ಉತ್ತರವಿದೆ: ಕೋಳಿ ಹಿಟ್ಟಿನದಾದರೂ ಕಡಿಯುವ ಸಂಕಲ್ಪ ನಿಜದ್ದು. ಯಶೋಧರನ ಬದಲಿ ವಸ್ತುವು ಕೈಯನ್ನು ಕಾಪಾಡಿತು, ಮನಸ್ಸನ್ನು ಕಾಪಾಡಲಿಲ್ಲ. ಜನ್ನನು ತಾಯಿಯನ್ನು ದುಷ್ಟಳನ್ನಾಗಿ ಚಿತ್ರಿಸದೆ ಮಗನ ಕ್ಷೇಮಕ್ಕೆ ಕಾತರಿಸುವವಳನ್ನಾಗಿ ಚಿತ್ರಿಸಿದ್ದು ಅವನ ದೊಡ್ಡತನ. ಕುಟುಂಬಗಳಲ್ಲಿ ಇಂಥ ಒತ್ತಾಯಗಳು ಬರುವುದು ಪ್ರೀತಿಯ ದಾರಿಯಿಂದಲೇ.

ರಾಜಸ್ಥಾನದ ಓಸಿಯಾದ ಪರಂಪರೆ ಇನ್ನೊಂದು ದಾರಿಯನ್ನು ಕಾಣಿಸುತ್ತದೆ. ಅಲ್ಲಿನ ಚಾಮುಂಡೆಗೆ ಪ್ರಾಣಿಬಲಿ ಸಲ್ಲುತ್ತಿತ್ತು. ರತ್ನಪ್ರಭಸೂರಿಗಳು ದೇವಿಗೇ ಉಪದೇಶಿಸಿ ಬಲಿಯನ್ನು ಬಿಡಿಸಿದರೆಂದೂ, ಅಂದಿನಿಂದ ಆಕೆ ಸಚ್ಚಿಯಾ ಮಾತೆಯಾದಳೆಂದೂ ಓಸವಾಲರು ಹೇಳುತ್ತಾರೆ. ಕನ್ನಡನಾಡಿನ ಬಸದಿಗಳಲ್ಲಿ ಪದ್ಮಾವತಿ, ಜ್ವಾಲಾಮಾಲಿನಿ, ಕೂಷ್ಮಾಂಡಿನಿಯರಿಗೆ ಸಲ್ಲುವುದು ಹೂವು, ಹಣ್ಣು, ಅರಿಶಿನ ಕುಂಕುಮ. ಉಗ್ರದೇವತೆಯ ಗುಡಿಯನ್ನು ಕೆಡವದೆ ಆಕೆಯ ಊಟವನ್ನು ಬದಲಿಸಿದ ಈ ಸೌಮ್ಯ ಉಪಾಯಕ್ಕೂ, ತೆನೊಚ್ತಿತ್ಲಾನಿನ ದೇವರುಗಳಿಗೆ 1521ರ ನಂತರ ಸ್ಪೇನಿನವರಿಂದ ಒದಗಿದ ಗತಿಗೂ ಬಹಳ ದೂರ. ಅಲ್ಲಿ ನರಬಲಿ ನಿಂತಿತು ನಿಜ, ಆದರೆ ಯುದ್ಧದಲ್ಲೂ ಸಿಡುಬಿನಲ್ಲೂ ಸತ್ತವರ ಲೆಕ್ಕವನ್ನು ಯಾವ ಬಲಿಪೀಠವೂ ಮುಟ್ಟಲಾರದು.

ಮೈಸೂರು ರಾಜ್ಯದಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾಯ್ದೆ ಬಂದದ್ದು 1959ರಲ್ಲಿ. ಸಾರ್ವಜನಿಕ ಪೂಜಾಸ್ಥಳಗಳ ಆವರಣದಲ್ಲಿ ಬಲಿ ಕೊಡುವುದು ಅಂದಿನಿಂದ ಅಪರಾಧ. ಆಯುಧಪೂಜೆಯ ದಿನ ಮೈಸೂರಿನ ಅಂಗಡಿಗಳ ಮುಂದೆ, ಬಸ್ಸು ಲಾರಿಗಳ ಮುಂದೆ ಕುಂಕುಮ ತುಂಬಿ ಒಡೆಯುವ ಬೂದುಗುಂಬಳ ಮಾತ್ರ ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅದು ಬಲಿಯ ಬದಲಿಯೆಂಬುದು ಕೆಂಪಾದ ತಿರುಳನ್ನು ನೋಡಿದವರಿಗೆಲ್ಲ ತಿಳಿದದ್ದೇ. ದೃಷ್ಟಿ ನಿವಾಳಿಸುವುದಷ್ಟೇ ಒಡೆಯುವವನ ಮನಸ್ಸಿನಲ್ಲಿದ್ದರೆ ಅದು ಯಶೋಧರನ ಕೋಳಿಗೆ ಸಮವೇ ಎಂಬುದು ಚರ್ಚೆಗೆ ಯೋಗ್ಯವಾದ ವಿಷಯ; ಜೈನರ ಅಂಗಡಿಗಳೂ ಸಂಸ್ಥೆಗಳೂ ಪ್ರತಿ ವರ್ಷ ಅದೇ ಬೀದಿಯಲ್ಲಿ ಆಯುಧಪೂಜೆಯ ದಿನವನ್ನು ಎದುರುಗೊಳ್ಳುತ್ತವೆ.