ಜಪಾನಿನ ಶಾಲೆ ಕಲಿಸುವ ಎರಡು ಪಾಠಗಳು

ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಭಾಗದ ವಿದ್ಯಾರ್ಥಿಗಳಿಗೆ ಜಪಾನ್ ಎಂದೊಡನೆ ನೆನಪಾಗುವುದು ಕ್ಯಾಮೆರಾ, ಕೈಗಡಿಯಾರ, ಮೋಟಾರು ಬೈಕು ಮತ್ತು ಬುಲೆಟ್ ರೈಲು. ಸಮಾಜ ವಿಜ್ಞಾನದ ಪರೀಕ್ಷೆಗೆ ಓದಿದವರಿಗೆ ಹಿರೋಷಿಮಾ, ನಾಗಸಾಕಿ ಎಂಬ ಎರಡು ಊರುಗಳ ಹೆಸರೂ ಗೊತ್ತಿರುತ್ತದೆ. ಆದರೆ ಕನ್ನಡ ನಾಡಿಗೂ ಜಪಾನಿಗೂ ನೂರು ವರ್ಷಕ್ಕೂ ಹಿಂದಿನ ನಂಟೊಂದಿದೆ. ಅದು ವಿದ್ಯೆಯ ನಂಟು. ನಮ್ಮವರು ಜಪಾನಿಗೆ ಹೋಗಿ ಕಲಿತು ಬಂದ ಪಾಠ ಯಾವುದು, ಅವರು ನೋಡಲಾಗದೆ ಹೋದ ಪಾಠ ಯಾವುದು ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಜಪಾನ್ ನೋಡಿ ಬಂದ ಇಬ್ಬರು

1868ರಲ್ಲಿ ಮೇಜಿ ಚಕ್ರವರ್ತಿಯ ಹೆಸರಿನಲ್ಲಿ ಜಪಾನಿನಲ್ಲಿ ಹೊಸ ಸರ್ಕಾರ ಬಂದಿತು. ನಾಲ್ಕೇ ವರ್ಷಗಳಲ್ಲಿ, ಅಂದರೆ 1872ರಲ್ಲಿ, ಅದು ಶಿಕ್ಷಣ ಶಾಸನವನ್ನು ಹೊರಡಿಸಿತು. ಓದು ಬಾರದ ಮನೆ ಒಂದೂ ಇರಬಾರದು, ಮನೆಯಲ್ಲಿ ಓದು ಬಾರದವರು ಒಬ್ಬರೂ ಇರಬಾರದು ಎಂಬುದು ಅದರ ಗುರಿ. ಕೆಲಸ ಸುಲಭವಾಗಿರಲಿಲ್ಲ. ಶುಲ್ಕದ ಹೊರೆ ತಾಳಲಾರದೆ ರೈತರು ಕೆಲವೆಡೆ ಶಾಲೆಗಳಿಗೇ ಬೆಂಕಿ ಇಟ್ಟರು. 1900ರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳ ಶುಲ್ಕ ರದ್ದಾಯಿತು. ಅದಾದ ಕೆಲವೇ ವರ್ಷಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳು ಶಾಲೆಗೆ ದಾಖಲಾದರು.

ಈ ಬದಲಾವಣೆಯನ್ನು ಕಣ್ಣಾರೆ ಕಂಡ ಕನ್ನಡಿಗರು ಸರ್ ಎಂ. ವಿಶ್ವೇಶ್ವರಯ್ಯನವರು. 1898ರಲ್ಲಿ ಅವರು ಮುಂಬಯಿ ಸರ್ಕಾರದ ಸೇವೆಯಲ್ಲಿ ಇಂಜಿನಿಯರಾಗಿದ್ದಾಗ ರಜೆ ಪಡೆದು ಜಪಾನಿಗೆ ಹೋಗಿ ಬಂದರು. 1912ರಿಂದ 1918ರವರೆಗೆ ಅವರು ಮೈಸೂರಿನ ದಿವಾನರಾಗಿದ್ದಾಗ ಅಲ್ಲಿ ಕಂಡದ್ದು ಇಲ್ಲಿ ಕಾರ್ಯರೂಪಕ್ಕೆ ಬಂದಿತು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಶಾಸನ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆದವು. ಆರು ವರ್ಷಗಳಲ್ಲಿ ಸುಮಾರು 6,500 ಹೊಸ ಶಾಲೆಗಳು ತೆರೆದವು. ನಮ್ಮ ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಅವರ ಕನಸೇ. ಅದು 1923ರಲ್ಲಿ ಉತ್ಪಾದನೆ ಆರಂಭಿಸಿತು.

ಎರಡನೆಯವರು ಸರ್ ಸೈಯದ್ ಅಹ್ಮದ್ ಖಾನರ ಮೊಮ್ಮಗ ಸೈಯದ್ ರಾಸ್ ಮಸೂದ್ (1889–1937). ಹೈದರಾಬಾದ್ ಸಂಸ್ಥಾನದ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಅವರು 1922ರಲ್ಲಿ ಜಪಾನಿಗೆ ಹೋದರು. ಆಗ ಬೀದರ್, ಕಲಬುರಗಿ, ರಾಯಚೂರು ಆ ಸಂಸ್ಥಾನದಲ್ಲೇ ಇದ್ದವು. ಉನ್ನತ ವಿಜ್ಞಾನವನ್ನೂ ಜಪಾನೀಯರು ತಮ್ಮದೇ ಭಾಷೆಯಲ್ಲಿ ಹೇಗೆ ಕಲಿಸುತ್ತಾರೆ ಎಂಬುದು ಅವರ ಮುಖ್ಯ ಪ್ರಶ್ನೆಯಾಗಿತ್ತು. ಏಕೆಂದರೆ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಅದೇ ತಾನೇ ಉರ್ದುವಿನಲ್ಲಿ ಪಾಠ ಆರಂಭಿಸಿತ್ತು, ಅದಕ್ಕಾಗಿ 1917ರಲ್ಲಿಯೇ ಅನುವಾದದ ಕಚೇರಿ ‘ದಾರುಲ್ ತರ್ಜುಮಾ’ ಸ್ಥಾಪನೆಯಾಗಿತ್ತು. ಜಪಾನಿನ ಶಿಕ್ಷಣ ಕ್ರಮವನ್ನು ಕುರಿತ ಮಸೂದರ ಪುಸ್ತಕ 1923ರಲ್ಲಿ ಪ್ರಕಟವಾಯಿತು.

ಆದರೆ ಇಲ್ಲಿ ಒಂದು ಮಾತನ್ನು ಉರ್ದು ಕಲಿಸುವವನಾಗಿಯೇ ಹೇಳಬೇಕು. ಉಸ್ಮಾನಿಯಾದ ಉರ್ದು ಹೈದರಾಬಾದಿನ ಮಗುವಿಗೆ ಮನೆಯ ಭಾಷೆ. ಕಲಬುರಗಿಯ ರೈತನ ಮಗನಿಗೆ ಅದೂ ಕಲಿತು ಬರಬೇಕಾದ ಭಾಷೆಯೇ. ಅವನ ಕನ್ನಡಕ್ಕೆ ಆ ವಿಶ್ವವಿದ್ಯಾನಿಲಯದ ತರಗತಿಗಳಲ್ಲಿ ಬೋಧನಾ ಮಾಧ್ಯಮದ ಸ್ಥಾನ ಸಿಗಲಿಲ್ಲ. ಜಪಾನಿನ ಪಾಠ ‘ಒಂದು ಭಾಷೆ ಸಾಕು’ ಎಂಬುದಲ್ಲ, ‘ಮಗುವಿನ ಭಾಷೆ ಬೇಕು’ ಎಂಬುದು. ಉರ್ದು ಶಾಲೆಯ ಮಗುವಿಗೆ ಕನ್ನಡ ಚೆನ್ನಾಗಿ ಬರಬೇಕು, ಕನ್ನಡ ಶಾಲೆಗೆ ಹೋಗುವ ನಮ್ಮ ಮಗುವಿಗೆ ಉರ್ದು ಓದಲು ಬರೆಯಲು ಬರಬೇಕು. ಎರಡೂ ಇರಲಿ ಎನ್ನುವುದು ಬಹುಭಾಷೆಯ ನಾಡಿಗೆ ಹೊಂದುವ ದಾರಿ.

ಅಕ್ಷರ, ಧರ್ಮ, ಆತಿಥ್ಯ

ಜಪಾನೀ ಅಕ್ಷರಮಾಲೆಯನ್ನು ಕೇಳಿದರೆ ಕನ್ನಡದ ಮಕ್ಕಳಿಗೆ ಅಚ್ಚರಿಯಾಗುತ್ತದೆ. ಸ್ವರಗಳು ಅ, ಇ, ಉ, ಎ, ಒ. ಅನಂತರ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಗ್ರಂಥಗಳಿಗಾಗಿ ಸಂಸ್ಕೃತದ ಅಕ್ಷರಗಳನ್ನು ಅಭ್ಯಾಸ ಮಾಡಿದ ಭಿಕ್ಷುಗಳಿಂದ ಈ ಕ್ರಮ ಅಲ್ಲಿಗೆ ಬಂದಿತು. ಬೌದ್ಧಧರ್ಮ ಆರನೆಯ ಶತಮಾನದಲ್ಲಿ ಕೊರಿಯಾದ ಮೂಲಕ ಜಪಾನ್ ತಲುಪಿತು. ಅಲ್ಲಿನ ‘ಶಿಂತೋ’ ಎಂಬ ಪ್ರಾಚೀನ ಆಚರಣೆಗಳ ಜೊತೆಗೆ ಅದೂ ಬೆಳೆಯಿತು. ನಮ್ಮ ‘ಧ್ಯಾನ’ ಎಂಬ ಪದವೇ ಚೀನಾದಲ್ಲಿ ‘ಚಾನ್’ ಆಗಿ, ಜಪಾನಿನಲ್ಲಿ ‘ಜೆನ್’ ಆಯಿತು. ಹದಿನೇಳು ಉಚ್ಚಾರದ ಪುಟ್ಟ ಪದ್ಯ ‘ಹೈಕು’ವನ್ನು ಹದಿನೇಳನೆಯ ಶತಮಾನದಲ್ಲಿ ಎತ್ತರಕ್ಕೆ ಒಯ್ದ ಬಾಶೋ ಕವಿಯ ಮೇಲೂ ಜೆನ್ ಪ್ರಭಾವವಿತ್ತು. ಇಂದು ಕನ್ನಡದಲ್ಲಿಯೂ ಹೈಕುಗಳನ್ನು ಬರೆಯುವವರಿದ್ದಾರೆ.

ಇಸ್ಲಾಮಿನ ಪರಿಚಯವೂ ಜಪಾನಿಗೆ ಭಾರತೀಯರ ಮೂಲಕ ಒಂದಷ್ಟು ಆಗಿದೆ. ಭೋಪಾಲದ ಮೌಲಾನಾ ಬರ್ಕತುಲ್ಲಾ ಅವರು 1909ರಲ್ಲಿ ಟೋಕಿಯೋದಲ್ಲಿ ಹಿಂದೂಸ್ತಾನಿ ಭಾಷೆಯ ಅಧ್ಯಾಪಕರಾದರು. 1935ರಲ್ಲಿ ಕೋಬೆ ಬಂದರಿನಲ್ಲಿ ಜಪಾನಿನ ಮೊದಲ ಮಸೀದಿ ನಿರ್ಮಾಣವಾದಾಗ ಭಾರತೀಯ ವ್ಯಾಪಾರಿಗಳು ಧಾರಾಳವಾಗಿ ದೇಣಿಗೆ ನೀಡಿದ್ದರು. 1945ರ ಬಾಂಬು ದಾಳಿಯಲ್ಲೂ 1995ರ ಭೂಕಂಪದಲ್ಲೂ ಆ ಮಸೀದಿ ಉಳಿದುಕೊಂಡಿತು. ತೊಶಿಹಿಕೊ ಇಝುತ್ಸು ಎಂಬ ಜಪಾನೀ ವಿದ್ವಾಂಸರು 1950ರ ದಶಕದಲ್ಲಿ ಪವಿತ್ರ ಕುರ್‌ಆನನ್ನು ಅರಬ್ಬಿಯಿಂದ ನೇರವಾಗಿ ಜಪಾನೀ ಭಾಷೆಗೆ ತಂದರು. ಪರರ ಧರ್ಮವನ್ನು ಅದರ ಮೂಲಭಾಷೆಯಲ್ಲೇ ಕಲಿತು ತಿಳಿಯುವ ಈ ಶ್ರದ್ಧೆ ನಮಗೂ ಮೇಲ್ಪಂಕ್ತಿ.

ಎರಡನೆಯ ಪಾಠ

ಇಷ್ಟೊಂದು ಓದಿದ ದೇಶ ಯುದ್ಧದ ದಾರಿ ಹಿಡಿದದ್ದು ಹೇಗೆ? ಇದಕ್ಕೆ ಉತ್ತರ ಭಾಗಶಃ ಅದೇ ಶಾಲೆಯಲ್ಲಿದೆ. 1890ರಲ್ಲಿ ಚಕ್ರವರ್ತಿಯ ಶಿಕ್ಷಣಾಜ್ಞೆ ಹೊರಟಿತು. ಶಾಲೆಯ ಸಮಾರಂಭಗಳಲ್ಲಿ ಅದನ್ನು ಗಂಭೀರವಾಗಿ ಓದಲಾಗುತ್ತಿತ್ತು, ಮಕ್ಕಳು ತಲೆಬಾಗಿ ಕೇಳಬೇಕಿತ್ತು. ತಂದೆತಾಯಿಗೆ ಗೌರವ, ಗೆಳೆಯರಲ್ಲಿ ನಂಬಿಕೆ ಮುಂತಾದ ಒಳ್ಳೆಯ ಮಾತುಗಳ ಜೊತೆಗೆ, ಸಮಯ ಬಂದಾಗ ಸಿಂಹಾಸನಕ್ಕಾಗಿ ಪ್ರಾಣ ಕೊಡಬೇಕೆಂಬ ಪಾಠವೂ ಅದರಲ್ಲಿತ್ತು. ಪ್ರಶ್ನೆ ಕೇಳುವುದಕ್ಕೆ ಅಲ್ಲಿ ಎಡೆಯಿರಲಿಲ್ಲ. 1910ರಲ್ಲಿ ವಶಪಡಿಸಿಕೊಂಡ ಕೊರಿಯಾದ ಮಕ್ಕಳಿಗೆ ಜಪಾನೀ ಭಾಷೆಯನ್ನು ಹೇರಲಾಯಿತು. ಸ್ವಂತ ಭಾಷೆಯಿಂದ ಎದ್ದು ನಿಂತ ದೇಶವೇ ಮತ್ತೊಬ್ಬರ ಭಾಷೆಯನ್ನು ತುಳಿಯಿತು.

1916ರಲ್ಲಿ ಜಪಾನಿಗೆ ಹೋಗಿದ್ದ ರವೀಂದ್ರನಾಥ ಠಾಕೂರರು ರಾಷ್ಟ್ರದ ಮದದ ಅಪಾಯವನ್ನು ಅಲ್ಲಿಯೇ ನಿಂತು ಎಚ್ಚರಿಸಿದರು. ಆ ಮಾತು ಅಲ್ಲಿ ಅನೇಕರಿಗೆ ರುಚಿಸಲಿಲ್ಲ. 1945ರ ಆಗಸ್ಟ್ 6ರ ಬೆಳಿಗ್ಗೆ 8.15ಕ್ಕೆ ಹಿರೋಷಿಮಾದ ಮೇಲೆ, 9ರಂದು ನಾಗಸಾಕಿಯ ಮೇಲೆ ಅಮೆರಿಕ ಅಣುಬಾಂಬು ಹಾಕಿತು. ಆ ವರ್ಷದ ಕೊನೆಯೊಳಗೆ ಹಿರೋಷಿಮಾ ಒಂದರಲ್ಲೇ ಸುಮಾರು 1,40,000 ಜನ ಸತ್ತರು. ಸತ್ತವರಲ್ಲಿ ಸಾವಿರಾರು ಮಂದಿ ಶಾಲಾ ಮಕ್ಕಳು. ಆ ಕ್ರೌರ್ಯಕ್ಕೆ ಯಾವ ಸಮರ್ಥನೆಯೂ ಸಲ್ಲದು.

1947ರ ಮೇ 3ರಂದು ಜಾರಿಗೆ ಬಂದ ಜಪಾನಿನ ಹೊಸ ಸಂವಿಧಾನ ತನ್ನ 9ನೆಯ ವಿಧಿಯಲ್ಲಿ ಯುದ್ಧವನ್ನು ತ್ಯಜಿಸಿತು. ಅದೇ ವರ್ಷ ಬಂದ ಶಿಕ್ಷಣದ ಮೂಲ ಕಾನೂನು ವ್ಯಕ್ತಿಯ ಘನತೆಯನ್ನೂ ಶಾಂತಿಯನ್ನೂ ಶಿಕ್ಷಣದ ಗುರಿಯಾಗಿಸಿತು. ಅಣುಬಾಂಬಿನಿಂದ ಬದುಕಿ ಉಳಿದವರು ದಶಕಗಳ ಕಾಲ ಊರೂರು ತಿರುಗಿ ತಮ್ಮ ಕಥೆ ಹೇಳಿದರು. ಅವರ ಸಂಘಟನೆ ‘ನಿಹೋನ್ ಹಿದಾಂಕ್ಯೊ’ಗೆ 2024ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು.

ಮೈಸೂರಿನ ಆನೆ

ಈ ಇತಿಹಾಸದಲ್ಲಿ ನಮ್ಮ ನಾಡಿನ ಆನೆಯೊಂದಕ್ಕೂ ಸ್ಥಾನವಿದೆ. ಯುದ್ಧಕಾಲದಲ್ಲಿ, 1943ರಲ್ಲಿ, ಟೋಕಿಯೋದ ಉಯೆನೊ ಮೃಗಾಲಯದ ಆನೆಗಳನ್ನು ಉಪವಾಸ ಕೆಡವಿ ಸಾಯಿಸಲಾಗಿತ್ತು. ಯುದ್ಧ ಮುಗಿದ ಮೇಲೆ ಅಲ್ಲಿನ ಮಕ್ಕಳು ಆನೆ ಬೇಕೆಂದು ಪ್ರಧಾನಿ ನೆಹರೂ ಅವರಿಗೆ ನೂರಾರು ಪತ್ರ ಬರೆದರು. 1949ರಲ್ಲಿ ನೆಹರೂ ಮೈಸೂರು ಸೀಮೆಯ ಆನೆಯೊಂದನ್ನು ‘ಇಂದಿರಾ’ ಎಂಬ ತಮ್ಮ ಮಗಳ ಹೆಸರಿಟ್ಟು ಕಳುಹಿಸಿದರು. ಆನೆಗೆ ಗೊತ್ತಿದ್ದುದು ಇಲ್ಲಿನ ಮಾವುತರ ಮಾತು ಮಾತ್ರ. ಆದ್ದರಿಂದ ಜಪಾನಿನ ಪಾಲಕರೇ ಆ ಮಾತುಗಳನ್ನು ಕಲಿಯಬೇಕಾಯಿತು. 1983ರಲ್ಲಿ ಸಾಯುವವರೆಗೂ ಇಂದಿರಾ ಅಲ್ಲಿನ ಮಕ್ಕಳ ಗೆಳತಿಯಾಗಿತ್ತು.

ಇಂದು ಬೆಂಗಳೂರಿನಲ್ಲಿ ಜಪಾನೀ ಭಾಷೆ ಕಲಿಯಲು ಅವಕಾಶವಿದೆ. ಜಪಾನ್ ಸರ್ಕಾರ ಭಾರತದ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ನೀಡುತ್ತದೆ. ಎಮ್ಮೆದೊಡ್ಡಿಯಂತಹ ಊರಿನ ಹೆಣ್ಣುಮಕ್ಕಳೂ ಅದಕ್ಕೆ ಅರ್ಜಿ ಹಾಕುವಷ್ಟು ಓದಬೇಕು ಎಂಬುದು ನಮ್ಮ ಆಸೆ.

ಪ್ರತಿ ವರ್ಷ ಫಲಿತಾಂಶ ಬಂದಾಗ ನಾವು ಎಷ್ಟು ಮಕ್ಕಳು ಪಾಸಾದರು, ಶೇಕಡಾ ಎಷ್ಟು ಎಂದು ಲೆಕ್ಕ ಹಾಕುತ್ತೇವೆ. ಹಾಕಬೇಕಾದದ್ದೇ. ಆದರೆ 1945ಕ್ಕೆ ಮುಂಚಿನ ಜಪಾನಿನಲ್ಲಿಯೂ ಈ ಲೆಕ್ಕ ಚೆನ್ನಾಗಿಯೇ ಇತ್ತು. ಆದ್ದರಿಂದ ಶಿಕ್ಷಕರೂ ಪೋಷಕರೂ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಬೇಕು: ನಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು ಅಂಜದೆ ಕೈ ಎತ್ತಿ ಪ್ರಶ್ನೆ ಕೇಳುತ್ತಾರೆ? ಪಕ್ಕದ ಬೆಂಚಿನ, ಬೇರೆ ಮನೆಮಾತಿನ, ಬೇರೆ ಧರ್ಮದ ಗೆಳೆಯನ ಬಗ್ಗೆ ಎಷ್ಟು ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಗೊತ್ತಿದೆ?