ಭಾಗವಾಗದ ಒರಳುಕಲ್ಲು

ಕೋರದ ನಮ್ಮ ಮನೆಯಲ್ಲಿ ಪಾಲಾದಾಗ ನನಗೆ ಎಂಟು ವರ್ಷ. ಪಾಲು ಎಂದರೆ ಗೋಡೆ ಎದ್ದಿತೆಂದಲ್ಲ. ಅದೇ ತೊಟ್ಟಿಮನೆ, ಅದೇ ಹೆಬ್ಬಾಗಿಲು. ಒಂದು ಒಲೆಯಿದ್ದಲ್ಲಿ ಮೂರು ಒಲೆ ಉರಿಯತೊಡಗಿದವು, ಅಷ್ಟೆ. ಹೊಲ, ಹಸು, ತಾಮ್ರದ ಹಂಡೆ, ಕೊನೆಗೆ ರಾಗಿ ಅಳೆಯುವ ಸೇರು ಕೂಡ ಹಂಚಿಹೋದವು. ಹಿತ್ತಲಿನ ಒರಳುಕಲ್ಲನ್ನು ಮಾತ್ರ ಮೂರು ತುಂಡು ಮಾಡುವುದು ಯಾರಿಂದಲೂ ಆಗಲಿಲ್ಲ. ಹಾಗಾಗಿ ಸರದಿ ಬಂತು. ಮೊದಲು ದೊಡ್ಡಮ್ಮ, ಆಮೇಲೆ ನಡುವಿನವರು, ಕಿರಿಸೊಸೆಯಾದ ನಮ್ಮಮ್ಮ ಕೊನೆಗೆ. ಅಮ್ಮ ಸಾರಿಗೆ ಖಾರ ರುಬ್ಬುವಾಗ ಕತ್ತಲಾಗಿರುತ್ತಿತ್ತು. ಲಾಟೀನು ಹಿಡಿದು ನಿಲ್ಲುವ ಕೆಲಸ ನನ್ನದು.

ಆ ಕಲ್ಲು ಮತ್ತೆ ನೆನಪಾದದ್ದು 2020ರಲ್ಲಿ. ಲಾಕ್‌ಡೌನ್ ಎಂದು ಮಗ ಸೊಸೆ ಬೆಂಗಳೂರಿನಿಂದ ಊರಿಗೆ ಬಂದರು. ತಂದದ್ದು ಒಂದೇ ಕಂಪ್ಯೂಟರು. ಮಗನ ಕೆಲಸ ಲಿನಕ್ಸ್‌ನಲ್ಲಿ. ಕಟ್ಟಡಗಳ ನಕ್ಷೆ ಮಾಡುವ ಸೊಸೆಗೆ ವಿಂಡೋಸ್ ಬೇಕು. "ಅದಕ್ಕೇನಮ್ಮ, ಇದರೊಳಗೇ ಇನ್ನೊಂದು ಕಂಪ್ಯೂಟರು ಮಾಡಿಕೊಡ್ತೀನಿ" ಎಂದ ಮಗ. ನಾನು ಹುಡುಗಾಟ ಎಂದುಕೊಂಡೆ. ಹುಡುಗಾಟವಲ್ಲ. ಒಂದು ಕಂಪ್ಯೂಟರಿನೊಳಗೆ, ತಾನೂ ಒಂದು ಪೂರ್ತಿ ಕಂಪ್ಯೂಟರೇ ಎಂದು ನಂಬಿಕೊಂಡು ನಡೆಯುವ ಇನ್ನೊಂದಕ್ಕೆ ವರ್ಚುಯಲ್ ಮಷೀನ್ ಎಂದು ಹೆಸರು. ಹೊರಗಿನದು ಹೋಸ್ಟ್, ಒಳಗಿನದು ಗೆಸ್ಟ್. ಯಜಮಾನ ಮತ್ತು ನೆಂಟ! ಸೊಸೆ ನನ್ನ ಮುಖ ನೋಡಿದಳು. ನಾನೇನೂ ಹೇಳಲಿಲ್ಲ.

ಈ ಸಂಸಾರಕ್ಕೆ ದೊಡ್ಡ ಚರಿತ್ರೆಯೇ ಇದೆ. ಒಂದು ಕಂಪ್ಯೂಟರಿಗೆ ಕಾರ್ಖಾನೆಯಷ್ಟು ಬೆಲೆಯಿದ್ದ ಕಾಲದಲ್ಲಿ ಅದನ್ನು ಒಬ್ಬರಿಗೇ ಬಿಟ್ಟುಕೊಡುವಂತಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1970ರಲ್ಲಿ ಕಂಪ್ಯೂಟರ್ ಕೇಂದ್ರ ಆರಂಭವಾಗಿ ಐಬಿಎಂ 360/44 ಯಂತ್ರ ಬಂದಾಗ, ತೂತು ಕೊರೆದ ಕಾರ್ಡುಗಳ ಕಟ್ಟು ಕೊಟ್ಟು ಉತ್ತರಕ್ಕೆ ಕಾಯಬೇಕಿತ್ತು. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬಾತ 1961ರಲ್ಲೇ ಬೇರೆ ದಾರಿ ತೋರಿಸಿದ್ದ. ಯಂತ್ರ ಎಷ್ಟು ಚುರುಕೆಂದರೆ, ಪ್ರತಿಯೊಬ್ಬರಿಗೂ ಚಿಟಿಕೆ ಹೊಡೆಯುವಷ್ಟು ಹೊತ್ತು ಕೊಟ್ಟು ಸುತ್ತಿಬಂದರೂ ಎಲ್ಲರಿಗೂ ತನ್ನ ಸರದಿಯೇ ನಡೆಯುತ್ತಿದೆ ಅನಿಸುತ್ತದೆ. 1967ರಲ್ಲಿ ಐಬಿಎಂನ ಕೇಂಬ್ರಿಜ್ ಕೇಂದ್ರದವರು ಒಂದು ಹೆಜ್ಜೆ ಮುಂದೆ ಹೋಗಿ, ಕೂತ ಒಬ್ಬೊಬ್ಬರಿಗೂ ಒಂದೊಂದು ಇಡೀ ಕಂಪ್ಯೂಟರೇ ಇದ್ದಂತೆ ತೋರಿಸಿದರು. 1999ರಲ್ಲಿ ವಿಎಂವೇರ್ ಕಂಪನಿಯಿಂದ ಈ ವಿದ್ಯೆ ಮೇಜಿನ ಮೇಲಿನ ಸಣ್ಣ ಕಂಪ್ಯೂಟರುಗಳಿಗೂ ಬಂತು.

ಪ್ರೊಸೆಸರು, ನೆನಪಿನ ಜಾಗ, ಡಿಸ್ಕು ಎಲ್ಲ ಹೀಗೆ ಪಾಲಾದವು. ಪಾಲಾಗದೆ ಉಳಿದದ್ದು ಗ್ರಾಫಿಕ್ಸ್ ಕಾರ್ಡು, ಅಂದರೆ ತೆರೆಯ ಮೇಲೆ ಚಿತ್ರ ಬಿಡಿಸುವ ಭಾಗ. ಪ್ರೊಸೆಸರನ್ನು ನಡುವೆ ನಿಲ್ಲಿಸಿ, ಅದು ಎಲ್ಲಿಗೆ ಬಂದಿತ್ತೆಂದು ಗುರುತಿಟ್ಟು ಇನ್ನೊಬ್ಬರಿಗೆ ಕೊಡುವುದು ಸುಲಭ. ಈ ಕಾರ್ಡಿನೊಳಗೆ ಸಾವಿರಾರು ಪುಟ್ಟ ಲೆಕ್ಕಿಗರು ಒಟ್ಟಿಗೇ ದುಡಿಯುತ್ತಿರುತ್ತಾರೆ, ಅದಕ್ಕೆ ತನ್ನದೇ ನೆನಪು ಬೇರೆ. ರುಬ್ಬುತ್ತಿರುವಾಗ ಒರಳಿನಿಂದ ಹಿಟ್ಟು ಬಳಿದು ಇನ್ನೊಬ್ಬರ ಖಾರ ಹಾಕಿದ ಹಾಗೆ.

ಹಾಗಾಗಿ ನೆಂಟನಿಗೆ ಸಿಕ್ಕಿದ್ದು ತೋರಿಕೆಯ ಕಾರ್ಡು. ಅದರ ಚಿತ್ರವನ್ನೆಲ್ಲ ಪ್ರೊಸೆಸರೇ ಏದುಸಿರು ಬಿಡುತ್ತ ಬಿಡಿಸಬೇಕು. ಸೊಸೆ ನಕ್ಷೆಯ ಮನೆಯನ್ನು ಒಂದು ಸುತ್ತು ತಿರುಗಿಸಿದರೆ, ಅದು ಕೆಟ್ಟ ರಸ್ತೆಯ ಎತ್ತಿನ ಗಾಡಿಯಂತೆ ಕುಲುಕುತ್ತ ತಿರುಗುತ್ತಿತ್ತು. ಮಗ ಮಲಗಿದ ಮೇಲೆ ಕಂಪ್ಯೂಟರನ್ನು ವಿಂಡೋಸ್‌ಗೆ ಬದಲಾಯಿಸಿ ಕೂತು ಮುಗಿಸುತ್ತಿದ್ದಳು. ರಾತ್ರಿ ಒಂದು ಗಂಟೆಗೆ ನಾನು ನೀರು ಕುಡಿಯಲು ಎದ್ದರೆ ನಡುಮನೆಯಲ್ಲಿ ನೀಲಿ ಬೆಳಕು. ಲಾಟೀನು ಹಿಡಿಯುವುದೊಂದು ಬಾಕಿ.

"ಅವಳ ಕೆಲಸಕ್ಕೂ ಸಂಬಳ ಬರುತ್ತಲ್ಲವೇನೋ?" ಎಂದೆ ಒಂದು ದಿನ ಮಗನಿಗೆ. ಅವನಿಗೆ ಚುರುಕ್ ಅಂದಿರಬೇಕು. ಎರಡು ದಿನ ಓದಿದ. ದೊಡ್ಡ ಕಚೇರಿಗಳ ಸರ್ವರುಗಳಲ್ಲಿ 2013ರ ಹೊತ್ತಿಗೇ ಒಂದು ಕಾರ್ಡನ್ನು ಹಲವರಿಗೆ ಹಂಚಲು ಶುರುಮಾಡಿದ್ದರಂತೆ. ಅಲ್ಲೂ ನೆನಪಿನ ಜಾಗ ಮಾತ್ರ ಪಾಲು, ದುಡಿಮೆ ಸರದಿಯ ಮೇಲೆಯೇ. ಅದೇ 2020ರಲ್ಲಿ ಬಂದ ಎ100 ಎಂಬ ಕಾರ್ಡನ್ನು ನಿಜವಾಗಿ ಏಳು ಪಾಲು ಮಾಡಬಹುದು. ಅಂತೂ ಒರಳು ಒಡೆಯುವವರು ಹುಟ್ಟಿದರು! ಆದರೆ ಅದು ಕೋರದ ನಡುಮನೆಗೆ ತರುವಂಥ ವಸ್ತುವಲ್ಲ. ನಮ್ಮಂಥವರಿಗೆ ಉಳಿದದ್ದು 2012ರಲ್ಲಿ ಲಿನಕ್ಸ್‌ಗೆ ಸೇರಿದ ವಿಎಫ್‌ಐಓ ಎಂಬ ದಾರಿ. ಅದರಲ್ಲಿ ಹಂಚುವ ಮಾತೇ ಇಲ್ಲ; ಯಜಮಾನ ಕಾರ್ಡಿನಿಂದ ಕೈ ತೆಗೆದು, ಪೂರ್ತಿಯಾಗಿ ನೆಂಟನಿಗೆ ಒಪ್ಪಿಸಬೇಕು. ಆ ಕಾರ್ಡು ಯಜಮಾನನ ನೆನಪಿಗೆ ಕೈಹಾಕದಂತೆ ನಡುವೆ ಒಂದು ಕಾವಲು ಇರುತ್ತದೆ.

ಕೊಟ್ಟ ಕ್ಷಣ ಮಗನ ತೆರೆ ಕಪ್ಪಾಯಿತು. ಅವನು ತನ್ನ ತಂತಿಯನ್ನು ಪ್ರೊಸೆಸರಿನ ಜೊತೆಗೇ ಬಂದಿದ್ದ ಸಣ್ಣ ಗ್ರಾಫಿಕ್ಸ್‌ಗೆ ಸಿಕ್ಕಿಸಿಕೊಂಡ. ಅಕ್ಷರ ಬರೆಯುವವನಿಗೆ ಅಷ್ಟು ಸಾಕು. ಕಾರ್ಡಿನ ತಂತಿ ನಮ್ಮ ಟೀವಿಗೆ ಹೋಯಿತು. ನನ್ನ ಧಾರಾವಾಹಿ ತಪ್ಪಿತು, ಹೋಗಲಿ. ಟೀವಿಯ ಮೇಲೆ ಸೊಸೆಯ ಮನೆ ನೀರಿನಲ್ಲಿ ತೇಲಿದ ಹಾಗೆ ತಿರುಗಿತು, ಹಗಲು ಹನ್ನೊಂದು ಗಂಟೆಗೆ.

ಒಂದು ತೊಡಕಿತ್ತು. ಅವಳು ಮುಗಿಸಿ ಎದ್ದ ಮೇಲೆ ಆ ಕಾರ್ಡು ಕೆಲವೊಮ್ಮೆ ಮಗನ ಕಡೆಗೆ ಮರಳುತ್ತಿರಲಿಲ್ಲ. ಇಡೀ ಕಂಪ್ಯೂಟರನ್ನು ಆರಿಸಿ ಹಚ್ಚಬೇಕಿತ್ತು.

"ಆಯ್ತಾ, ಕೊಡ್ತೀಯಾ?" ಎಂದು ಸಂಜೆ ಅವನು ಬಾಗಿಲಲ್ಲಿ ನಿಂತು ಕೇಳುವುದು ರೂಢಿಯಾಯಿತು.

"ಇನ್ನೊಂದರ್ಧ ಗಂಟೆ ರೀ, ಮಹಡಿ ಮೆಟ್ಟಿಲು ಬಾಕಿ ಇದೆ" ಎನ್ನುತ್ತಿದ್ದಳು ಅವಳು, ತಿರುಗಿ ನೋಡದೆ.