ಸಿಪೈಥಾನ್: ಪರೀಕ್ಷೆ ಮತ್ತು ದೋಷನಿವಾರಣೆ

ಸಿಪೈಥಾನ್ ಎಂಬುದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಮೂಲ ಅನುಷ್ಠಾನ. ಗೀಡೊ ವಾನ್ ರಾಸಮ್ ಅವರು 1991ರಲ್ಲಿ ಇದನ್ನು ಮೊದಲು ಬಿಡುಗಡೆ ಮಾಡಿದರು. ಇದು ಮುಕ್ತ ತಂತ್ರಾಂಶವಾಗಿದ್ದು, ಸತತವಾಗಿ ಬೆಳೆಯುತ್ತಿದೆ. ಹೊಸ ಸೌಲಭ್ಯ ಸೇರಿದಾಗ ಹಳೆಯ ಪ್ರೋಗ್ರಾಮ್‌ಗಳು ಕೆಡದಂತೆ ಕಾಯುವುದು ಪರೀಕ್ಷೆಯ ಮುಖ್ಯ ಉದ್ದೇಶ.

ಪರೀಕ್ಷಾ ಕ್ರಮ

ಪರೀಕ್ಷೆಗಳ ಸಂಗ್ರಹವು ಆಕರ ಸಂಕೇತದ ಜೊತೆಯಲ್ಲಿಯೇ ಇರುತ್ತದೆ. ದೋಷವೊಂದು ವರದಿಯಾದಾಗ, ಅದನ್ನು ಮತ್ತೆ ತೋರಿಸಬಲ್ಲ ಚಿಕ್ಕ ಉದಾಹರಣೆಯನ್ನು ಮೊದಲು ಸಿದ್ಧಪಡಿಸಲಾಗುತ್ತದೆ. ತಿದ್ದುಪಡಿಯೊಂದಿಗೆ ಆ ಉದಾಹರಣೆಯೂ ಸಂಗ್ರಹಕ್ಕೆ ಸೇರುವುದರಿಂದ, ಅದೇ ದೋಷ ಮರುಕಳಿಸಿದರೆ ಕೂಡಲೇ ತಿಳಿಯುತ್ತದೆ. 2020ರ 3.9 ಆವೃತ್ತಿಯಿಂದ ವರ್ಷಕ್ಕೊಂದು ಆವೃತ್ತಿ ಹೊರಬರುತ್ತಿದೆ. ಬೀಟಾ ಹಂತ ತಲುಪಿದ ಮೇಲೆ ಹೊಸ ಸೌಲಭ್ಯಗಳನ್ನು ಸೇರಿಸದೆ ದೋಷಗಳನ್ನಷ್ಟೇ ಸರಿಪಡಿಸಲಾಗುತ್ತದೆ.

ಕನ್ನಡದ ನಿದರ್ಶನ

2008ರ 3.0 ಆವೃತ್ತಿಯಿಂದ ವೇರಿಯಬಲ್‌ಗಳಿಗೆ ಕನ್ನಡದಲ್ಲಿಯೂ ಹೆಸರಿಡಬಹುದು. ‘ಕೊಡಗು’ ಎಂಬುದು ಸಿಂಧುವಾದ ಹೆಸರು. ಆದರೆ ಪಠ್ಯದಲ್ಲಿ ಪದಗಳನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಸೌಲಭ್ಯವು ಕಾಗುಣಿತದ ಸ್ವರಚಿಹ್ನೆಗಳನ್ನು ಪದದ ಅಂಗವೆಂದು ಗಣಿಸುವುದಿಲ್ಲ. ಪರಿಣಾಮವಾಗಿ ‘ಕೊಡಗು’ ಎಂಬ ಒಂದೇ ಪದವು ‘ಕ’ ಮತ್ತು ‘ಡಗ’ ಎಂಬ ಎರಡು ತುಂಡುಗಳಾಗಿ ದೊರೆಯುತ್ತದೆ. ಇದರಿಂದ ಪದಗಳ ಎಣಿಕೆ, ಪದಕೋಶ ರಚನೆಗಳು ತಪ್ಪುತ್ತವೆ. ಸ್ವರಚಿಹ್ನೆಗಳಿಲ್ಲದ ಇಂಗ್ಲಿಷ್ ಪದಗಳಿಂದ ಮಾತ್ರ ಪರೀಕ್ಷಿಸಿದರೆ ಈ ನ್ಯೂನತೆ ಗೋಚರಿಸುವುದೇ ಇಲ್ಲ. ಪ್ರತ್ಯೇಕವಾಗಿ ಅಳವಡಿಸಿಕೊಳ್ಳಬಹುದಾದ ‘ರೆಜೆಕ್ಸ್’ ಎಂಬ ಗ್ರಂಥಾಲಯವು ಪದವನ್ನು ಇಡಿಯಾಗಿ ಗುರುತಿಸುತ್ತದೆ.

ಸಾರ್ವಜನಿಕರ ಪಾತ್ರ

2022ರಿಂದ ದೋಷ ವರದಿಗಳನ್ನು ಗಿಟ್‌ಹಬ್ ತಾಣದಲ್ಲಿ ಸ್ವೀಕರಿಸಲಾಗುತ್ತಿದೆ. ವರದಿಯಲ್ಲಿ ಬಳಸಿದ ಆವೃತ್ತಿ, ನಿರೀಕ್ಷಿತ ಫಲ ಮತ್ತು ದೊರೆತ ಫಲಗಳನ್ನು ಸ್ಪಷ್ಟವಾಗಿ ನಮೂದಿಸಬೇಕು. ಕನ್ನಡ ಬಲ್ಲವರು ನೀಡುವ ಇಂತಹ ಚಿಕ್ಕ ಉದಾಹರಣೆಗಳು, ಕನ್ನಡ ಅರಿಯದ ಅಭಿವರ್ಧಕರಿಗೆ ಕಾಣದ ದೋಷಗಳನ್ನು ಬೆಳಕಿಗೆ ತರಬಲ್ಲವು.